ಹವ್ಯಾಸಿ ಛಾಯಾಗ್ರಹಣ ಪ್ರವಾಸ

ಹವ್ಯಾಸಿ ಛಾಯಾಗ್ರಹಣ ಪ್ರವಾಸ ಎಂದರೆ, ಛಾಯಾಗ್ರಹಣವನ್ನು ಜೀವನೋಪಾಯಕ್ಕಾಗಿ ಅಲ್ಲದೆ ಆಸಕ್ತಿಯಿಂದ ರೂಢಿಸಿಕೊಂಡವರು ಚಿತ್ರಗಳನ್ನು ತೆಗೆಯುವುದನ್ನೇ ಮುಖ್ಯ ಉದ್ದೇಶವಾಗಿರಿಸಿಕೊಂಡು ಕೈಗೊಳ್ಳುವ ಪ್ರಯಾಣ. ಹೋಗಬೇಕಾದ ಸ್ಥಳದ ಯೋಜನೆಯನ್ನು ಇತರ ಹವ್ಯಾಸಿಗಳೊಡನೆ ಮುಂಚಿತವಾಗಿ ಚರ್ಚಿಸುವುದು ಹಾಗೂ ಹೋಗಿಬಂದ ಪ್ರವಾಸದ ಚಿತ್ರ ಮತ್ತು ವಿವರಗಳನ್ನು ಅನಂತರ ಹಂಚಿಕೊಳ್ಳುವುದು ಈ ಹವ್ಯಾಸದ ಎರಡು ಪ್ರಮುಖ ಅಂಗಗಳು. ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಹೂಲಿಯಂತಹ, ಅನೇಕ ಪ್ರಾಚೀನ ಗುಡಿಗಳಿದ್ದೂ ಪ್ರವಾಸಿಗರಿಗೆ ಹೆಚ್ಚು ಪರಿಚಿತವಲ್ಲದ ಸ್ಥಳಗಳ ವಿಷಯದಲ್ಲಿ ಈ ಹಂಚಿಕೆಗೆ ವಿಶೇಷ ಮಹತ್ವವಿದೆ. ಸ್ಥಳ, ದಿನಾಂಕ ಮತ್ತು ಹೆಸರು ಸರಿಯಾಗಿ ನಮೂದಾದ ಚಿತ್ರವು ಮುಂದೆ ಇತಿಹಾಸದ ಆಕರವಾಗಬಲ್ಲದು. ಅವುಗಳಿಲ್ಲದ ಚಿತ್ರವು ಎಷ್ಟೇ ಸುಂದರವಾಗಿದ್ದರೂ ಆಕರವಾಗಿ ಉಪಯೋಗಕ್ಕೆ ಬರುವುದು ಕಡಿಮೆ.

ಇತಿಹಾಸ

ಹತ್ತೊಂಬತ್ತನೆಯ ಶತಮಾನ

ಕರ್ನಾಟಕದಲ್ಲಿ ಛಾಯಾಗ್ರಹಣ ಪ್ರವಾಸದ ಇತಿಹಾಸವು ಛಾಯಾಗ್ರಹಣದ ಆರಂಭಕಾಲದಷ್ಟೇ ಹಳೆಯದು. ೧೮೫೪ರ ಡಿಸೆಂಬರ್ ತಿಂಗಳಲ್ಲಿ ಮದರಾಸು ಸೈನ್ಯದ ಅಧಿಕಾರಿ ಲಿನ್ನೇಯಸ್ ಟ್ರೈಪ್ ಮತ್ತು ಸೈನ್ಯದ ವೈದ್ಯ ಆಂಡ್ರ್ಯೂ ನೀಲ್ ಜೊತೆಗೂಡಿ ಮೈಸೂರು ಸೀಮೆಯಲ್ಲಿ ಸಂಚರಿಸಿ ಹಳೇಬೀಡು, ಬೇಲೂರು ಮೊದಲಾದ ಕಡೆಗಳ ಚಿತ್ರಗಳನ್ನು ತೆಗೆದರು. ಆಗ ಇವರಿಬ್ಬರೂ ಹವ್ಯಾಸಿಗಳು. ಟ್ರೈಪ್ ತೆಗೆದ ಚಿತ್ರಗಳು ೧೮೫೫ರ ಮದರಾಸು ವಸ್ತುಪ್ರದರ್ಶನದಲ್ಲಿ ಪ್ರದರ್ಶಿತವಾದವು. ಇಬ್ಬರು ಹವ್ಯಾಸಿಗಳು ಒಂದುಗೂಡಿ ಪ್ರಯಾಣ ಮಾಡಿ, ಅದರ ಫಲವನ್ನು ಸಾರ್ವಜನಿಕರ ಮುಂದಿಟ್ಟುದಕ್ಕೆ ಇದು ಆರಂಭದ ಉದಾಹರಣೆಗಳಲ್ಲಿ ಒಂದು.

ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕರ್ನಾಟಕದಲ್ಲಿ ೧೮೫೫ರಲ್ಲಿ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಸರಕಾರವು ಸ್ಮಾರಕಗಳ ಛಾಯಾಗ್ರಹಣಕ್ಕೆ ನೇಮಿಸಿತು. ವಿಜಯಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಚಿತ್ರಗಳನ್ನು ಆತ ತೆಗೆದನು. ಅನಂತರ ಆ ಕಾರ್ಯವನ್ನು ವೈದ್ಯಾಧಿಕಾರಿ ವಿಲಿಯಂ ಪಿಗೌ ಮುಂದುವರಿಸಿದನು. ಬಿಗ್ಸ್, ಪಿಗೌ ಮತ್ತು ನೀಲ್ ಈ ಮೂವರ ಚಿತ್ರಗಳನ್ನು ಒಳಗೊಂಡ ‘ಆರ್ಕಿಟೆಕ್ಚರ್ ಇನ್ ಧಾರ್ವಾರ್ ಅಂಡ್ ಮೈಸೂರ್’ ಎಂಬ ಗ್ರಂಥವು ೧೮೬೬ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಇದಕ್ಕೆ ಮೆಡೋಸ್ ಟೇಲರ್ ಚಾರಿತ್ರಿಕ ವಿವರಣೆಯನ್ನೂ ಜೇಮ್ಸ್ ಫರ್ಗ್ಯೂಸನ್ ವಾಸ್ತುಶಿಲ್ಪದ ಟಿಪ್ಪಣಿಗಳನ್ನೂ ಬರೆದರು.

ಹಳೆಯ ಪ್ರವಾಸವೊಂದರ ದಾಖಲೆ ಎಷ್ಟು ಕಾಲದ ಮೇಲೂ ಉಪಯುಕ್ತವಾಗಬಲ್ಲದು ಎಂಬುದಕ್ಕೆ ಹಂಪಿಯ ಉದಾಹರಣೆ ಪ್ರಸಿದ್ಧವಾಗಿದೆ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ೧೮೫೬ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯ ಚಿತ್ರಗಳನ್ನು ತೆಗೆದಿದ್ದನು. ಬಹುಕಾಲ ಖಾಸಗಿ ಸಂಗ್ರಹದಲ್ಲಿ ಉಳಿದಿದ್ದ ಆ ನೆಗೆಟಿವ್‌ಗಳು ೧೯೮೦ರಲ್ಲಿ ಬೆಳಕಿಗೆ ಬಂದವು. ೧೯೮೩ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನು ಹುಡುಕಿ, ಅದೇ ನೋಟಗಳನ್ನು ಮತ್ತೆ ಚಿತ್ರಿಸಿದರು. ಎರಡೂ ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಇರಿಸಿ ನೋಡಿದಾಗ ಯಾವ ಕಟ್ಟಡ ಉಳಿದಿದೆ, ಯಾವುದು ಬಿದ್ದಿದೆ, ಯಾವುದು ದುರಸ್ತಿಯಾಗಿದೆ ಎಂಬುದು ತಿಳಿಯುತ್ತದೆ. ಈ ವಿಧಾನವನ್ನು ಮರುಛಾಯಾಗ್ರಹಣ ಎಂದು ಕರೆಯಬಹುದು.

ಸಂಘಗಳ ಕಾಲ

ಹವ್ಯಾಸಿಗಳು ತಮ್ಮ ಅನುಭವಗಳನ್ನು ಹಂಚಿಕೊಳ್ಳಲು ಸಂಘಗಳನ್ನು ಕಟ್ಟಿಕೊಂಡುದು ಈ ಹವ್ಯಾಸದ ಮುಂದಿನ ಘಟ್ಟ. ಮುಂಬಯಿಯಲ್ಲಿ ೧೮೫೪ರಲ್ಲಿಯೇ ಛಾಯಾಗ್ರಹಣ ಸಂಘ ಸ್ಥಾಪನೆಯಾಗಿತ್ತು. ಸ್ವಾತಂತ್ರ್ಯಾನಂತರ ೧೯೫೩ರಲ್ಲಿ ಡಾ. ಜಿ. ಥಾಮಸ್ ಅವರ ಮುಂದಾಳತ್ವದಲ್ಲಿ ಫೆಡರೇಶನ್ ಆಫ್ ಇಂಡಿಯನ್ ಫೋಟೋಗ್ರಫಿ ಎಂಬ ಒಕ್ಕೂಟ ರೂಪುಗೊಂಡಿತು. ೧೯೭೧ರಲ್ಲಿ ಬೆಂಗಳೂರಿನಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಪ್ರಾರಂಭವಾಯಿತು. ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಮೊದಲಾದವರು ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದುಕೊಟ್ಟರು. ಲೇಖಕ ಕೆ. ಪಿ. ಪೂರ್ಣಚಂದ್ರ ತೇಜಸ್ವಿ ಅವರು ಪಕ್ಷಿಗಳ ಛಾಯಾಚಿತ್ರಗಳ ಮೂಲಕವೂ ಓದುಗರಿಗೆ ಪರಿಚಿತರು.

ಸಂಘಗಳ ಕೂಟಗಳಲ್ಲಿ ಸದಸ್ಯರು ತಾವು ಹೋಗಿಬಂದ ಕಡೆಯ ಸ್ಲೈಡುಗಳನ್ನು ತೋರಿಸಿ, ದಾರಿ, ಬೆಳಕು, ವಸತಿ, ಬಳಸಿದ ಮಸೂರ ಇತ್ಯಾದಿಗಳನ್ನು ವಿವರಿಸುವುದು ರೂಢಿಯಾಗಿತ್ತು. ಫಿಲ್ಮ್ ಬಳಕೆಯಲ್ಲಿದ್ದಾಗ ಒಂದು ಸುರುಳಿಯಲ್ಲಿ ಸಾಮಾನ್ಯವಾಗಿ ೩೬ ಚಿತ್ರಗಳನ್ನು ಮಾತ್ರ ತೆಗೆಯಬಹುದಾಗಿತ್ತು. ಆದುದರಿಂದ ಹಿಂದೆ ಹೋಗಿಬಂದವರ ಸಲಹೆಗೆ ಬೆಲೆ ಹೆಚ್ಚಾಗಿತ್ತು.

ಡಿಜಿಟಲ್ ಕಾಲ

ಡಿಜಿಟಲ್ ಕ್ಯಾಮೆರಾ ಮತ್ತು ಕ್ಯಾಮೆರಾವುಳ್ಳ ಮೊಬೈಲ್ ಫೋನುಗಳು ಬಂದ ಮೇಲೆ ಚಿತ್ರಗಳ ಸಂಖ್ಯೆಯ ಮಿತಿ ಇಲ್ಲವಾಯಿತು. ೨೦೦೪ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಭಂಡಾರದಲ್ಲಿ ಯಾರು ಬೇಕಾದರೂ ತಮ್ಮ ಚಿತ್ರಗಳನ್ನು ಮುಕ್ತ ಪರವಾನಗಿಯಡಿ ಸೇರಿಸಬಹುದು. ಸ್ಮಾರಕಗಳ ಚಿತ್ರಗಳಿಗಾಗಿಯೇ ಮೀಸಲಾದ ‘ವಿಕಿ ಲವ್ಸ್ ಮಾನ್ಯುಮೆಂಟ್ಸ್’ ಸ್ಪರ್ಧೆಯು ೨೦೧೦ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಪ್ರಾರಂಭವಾಯಿತು. ೨೦೧೧ರಲ್ಲಿ ಯುರೋಪಿನ ಇತರ ದೇಶಗಳಿಗೆ ಹರಡಿ, ೧ ಲಕ್ಷ ೬೮ ಸಾವಿರಕ್ಕೂ ಹೆಚ್ಚು ಚಿತ್ರಗಳೊಂದಿಗೆ ಗಿನ್ನೆಸ್ ದಾಖಲೆಗೆ ಸೇರಿತು. ೨೦೧೨ರಲ್ಲಿ ಭಾರತವೂ ಇದರಲ್ಲಿ ಭಾಗವಹಿಸಿತು. ಚಿತ್ರದೊಂದಿಗೆ ಅದು ಯಾವ ಸ್ಮಾರಕದ್ದು ಎಂಬುದನ್ನು ಗುರುತಿಸಬೇಕೆಂಬುದು ಈ ಸ್ಪರ್ಧೆಯ ಮುಖ್ಯ ಅಂಶ.

ಯೋಜನೆಯ ಹಂಚಿಕೆ

ಪ್ರವಾಸಕ್ಕೆ ಮುನ್ನ ಹವ್ಯಾಸಿಗಳು ಸಾಮಾನ್ಯವಾಗಿ ಕೆಳಗಿನ ವಿಷಯಗಳನ್ನು ಪರಸ್ಪರ ವಿಚಾರಿಸಿಕೊಳ್ಳುತ್ತಾರೆ.

ಬೆಳಕು: ಮುಂಜಾನೆ ಮತ್ತು ಸಂಜೆಯ ಓರೆ ಬಿಸಿಲಿನಲ್ಲಿ ಕಲ್ಲಿನ ಕೆತ್ತನೆಯ ಉಬ್ಬುತಗ್ಗುಗಳು ಸ್ಪಷ್ಟವಾಗಿ ಕಾಣುತ್ತವೆ. ನಡುಹಗಲಿನ ಬಿಸಿಲಿನಲ್ಲಿ ಅವು ಚಪ್ಪಟೆಯಾಗಿ ಕಾಣುತ್ತವೆ. ಗುಡಿಯ ಮುಖ ಯಾವ ದಿಕ್ಕಿಗಿದೆ ಎಂದು ಮೊದಲೇ ತಿಳಿದರೆ ತಲುಪಬೇಕಾದ ಹೊತ್ತನ್ನು ನಿರ್ಧರಿಸಬಹುದು.

ಕಾಲ: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಜಲಪಾತಗಳು ತುಂಬಿರುತ್ತವೆ, ಆದರೆ ಎರೆಮಣ್ಣಿನ ಹೊಲದ ದಾರಿಗಳು ಕೆಸರಾಗುತ್ತವೆ ಮತ್ತು ಪಾಳುಗುಡಿಗಳ ಸುತ್ತ ಗಿಡಗಂಟಿ ಬೆಳೆದಿರುತ್ತದೆ. ಮಳೆಗಾಲದ ನಂತರ ಆಕಾಶ ತಿಳಿಯಾಗಿರುತ್ತದೆ.

ಜಾತ್ರೆ ಮತ್ತು ಪೂಜೆ: ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ ಹಾಗೂ ಭಾರತ ಹುಣ್ಣಿಮೆಗಳಂದು ಅಪಾರ ಜನ ಸೇರುತ್ತಾರೆ. ಜಾತ್ರೆಯ ಚಿತ್ರ ಬೇಕಾದವರಿಗೆ ಇದು ಸುಸಮಯ. ಶಾಂತವಾಗಿ ಗುಡಿಗಳನ್ನು ನೋಡಬಯಸುವವರು ಈ ದಿನಗಳನ್ನು ಬಿಟ್ಟು ಬರುವುದು ಒಳಿತು.

ಸುರಕ್ಷತೆ: ಒಬ್ಬರೇ ಹೋಗುವವರು ಹೊರಡುವ ದಿನ, ದಾರಿ ಮತ್ತು ಮರಳುವ ಸಮಯವನ್ನು ಮನೆಯವರಿಗೆ ಅಥವಾ ಸ್ನೇಹಿತರಿಗೆ ತಿಳಿಸುವುದು ವಾಡಿಕೆ. ಆದರೆ ಮನೆಯಲ್ಲಿ ಯಾರೂ ಇಲ್ಲದ ದಿನಗಳನ್ನು ಎಲ್ಲರಿಗೂ ಕಾಣುವಂತೆ ಮುಂಚಿತವಾಗಿ ಪ್ರಕಟಿಸುವುದು ಅಪಾಯಕಾರಿ.

ಪ್ರವಾಸದ ವಿವರಗಳ ಹಂಚಿಕೆ

ಪ್ರವಾಸದಿಂದ ಮರಳಿದ ಮೇಲೆ ಹಂಚುವ ವಿವರಗಳಲ್ಲಿ ಸ್ಮಾರಕದ ಸ್ಥಳೀಯ ಹೆಸರು, ಊರು ಮತ್ತು ತಾಲ್ಲೂಕು, ಚಿತ್ರ ತೆಗೆದ ದಿನಾಂಕ, ನಿಂತ ದಿಕ್ಕು, ದಾರಿಯ ಸ್ಥಿತಿ ಮತ್ತು ಕಟ್ಟಡದ ಆಗಿನ ಸ್ಥಿತಿ ಮುಖ್ಯವಾದವು. ಡಿಜಿಟಲ್ ಕ್ಯಾಮೆರಾಗಳು ದಿನಾಂಕ, ಸಮಯ, ಷಟರ್ ವೇಗ ಮುಂತಾದ ಮಾಹಿತಿಯನ್ನು ‘ಎಕ್ಸಿಫ್’ ಎಂಬ ಮಾದರಿಯಲ್ಲಿ ಚಿತ್ರದ ಕಡತದೊಳಗೇ ಬರೆದಿಡುತ್ತವೆ. ಮೊಬೈಲ್ ಫೋನಿನ ಚಿತ್ರಗಳಲ್ಲಿ ಅಕ್ಷಾಂಶ, ರೇಖಾಂಶಗಳೂ ಸೇರಿರಬಹುದು. ಕ್ಯಾಮೆರಾದ ಗಡಿಯಾರ ತಪ್ಪಾಗಿದ್ದರೆ ದಾಖಲೆಯೂ ತಪ್ಪಾಗುತ್ತದೆ. ಅಲ್ಲದೆ ಸಾಮಾಜಿಕ ಜಾಲತಾಣಗಳಲ್ಲಿಯೂ ಸಂದೇಶ ಸೇವೆಗಳಲ್ಲಿಯೂ ಹಂಚಿದಾಗ ಈ ಮಾಹಿತಿ ಅಳಿಸಿಹೋಗುವುದುಂಟು. ಆದುದರಿಂದ ಮುಖ್ಯ ವಿವರಗಳನ್ನು ಚಿತ್ರದ ಅಡಿಬರಹದಲ್ಲಿ ಬರೆಯುವುದು ಹಾಗೂ ಮೂಲ ಕಡತವನ್ನು ಜೋಪಾನವಾಗಿಡುವುದು ಅವಶ್ಯ.

ಹೂಲಿಯ ಉದಾಹರಣೆ

ಹೂಲಿಯು ಸವದತ್ತಿಯಿಂದ ಸುಮಾರು ೯ ಕಿಲೋಮೀಟರ್ ದೂರದಲ್ಲಿರುವ ಗ್ರಾಮ. ಧಾರವಾಡದಿಂದ ಬರುವವರು ಸವದತ್ತಿಯ ಮಾರ್ಗವಾಗಿ ಇಲ್ಲಿಗೆ ತಲುಪಬಹುದು. ಶಾಸನಗಳಲ್ಲಿ ಈ ಊರಿನ ಹೆಸರು ‘ಪೂಲಿ’ ಎಂದಿದೆ. ಹಳಗನ್ನಡದ ಪದಾದಿಯ ಪಕಾರವು ಮುಂದೆ ಹಕಾರವಾದುದಕ್ಕೆ ಇದೊಂದು ನಿದರ್ಶನ. ಅಂದು ಇದು ಸಾಸಿರ್ವರು ಅಂದರೆ ಸಾವಿರ ಮಹಾಜನರಿದ್ದ ಅಗ್ರಹಾರವಾಗಿತ್ತು. ಇಲ್ಲಿಯ ಶಾಸನಗಳನ್ನು ಎಲ್. ಡಿ. ಬಾರ್ನೆಟ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಸಂಪಾದಿಸಿ ಪ್ರಕಟಿಸಿದ್ದಾರೆ.

ಊರಿನ ಪ್ರಮುಖ ಗುಡಿ ಕಲ್ಯಾಣ ಚಾಲುಕ್ಯರ ಕಾಲದ ಪಂಚಲಿಂಗೇಶ್ವರ ದೇವಾಲಯ. ಇದಲ್ಲದೆ ತಾರಕೇಶ್ವರ, ಮದನೇಶ್ವರ, ಅಂಧಕೇಶ್ವರ, ಭವಾನಿಶಂಕರ, ಸೂರ್ಯನಾರಾಯಣ, ಕಾಶಿ ವಿಶ್ವನಾಥ ಮೊದಲಾದ ಗುಡಿಗಳಿವೆ. ಇವುಗಳಲ್ಲಿ ಅನೇಕವು ಶಿಥಿಲವಾಗಿವೆ. ಊರಿನ ಪಕ್ಕದ ಗುಡ್ಡದ ಮೇಲೆ ಕೋಟೆಯಿದೆ.

ಹೂಲಿಗೆ ಬರುವ ಹವ್ಯಾಸಿಗೆ ಎದುರಾಗುವ ಮೊದಲ ತೊಡಕು ಹೆಸರುಗಳದು. ಪಂಚಲಿಂಗೇಶ್ವರ ಎಂಬ ಹೆಸರಿನ ಪ್ರಾಚೀನ ದೇವಾಲಯವು ಇದೇ ತಾಲ್ಲೂಕಿನ ಮುನವಳ್ಳಿಯಲ್ಲಿಯೂ ಇದೆ. ಬರಿಯ ‘ಸವದತ್ತಿ ಹತ್ತಿರದ ಪಂಚಲಿಂಗೇಶ್ವರ’ ಎಂದು ಬರೆದರೆ ಚಿತ್ರವು ಎರಡರಲ್ಲಿ ಯಾವುದೆಂದು ತಿಳಿಯದು. ಹಾಗೆಯೇ ಪಾಳುಬಿದ್ದ ಗುಡಿಗಳನ್ನೆಲ್ಲ ‘ಹೂಲಿಯ ಒಂದು ಗುಡಿ’ ಎಂದು ಕರೆದರೆ, ಮುಂದೆ ಅವುಗಳಲ್ಲಿ ಒಂದು ಕುಸಿದಾಗ ಕುಸಿದದ್ದು ಯಾವುದು, ಹಿಂದೆ ಅದು ಹೇಗಿತ್ತು ಎಂದು ಹೇಳಲು ಆ ಚಿತ್ರ ನೆರವಾಗದು. ಊರಿನ ಹಿರಿಯರನ್ನು ಕೇಳಿ ಗುಡಿಯ ಹೆಸರನ್ನು ಬರೆದುಕೊಳ್ಳುವುದು, ಒಂದೊಂದು ಗುಡಿಯನ್ನೂ ನಾಲ್ಕು ದಿಕ್ಕುಗಳಿಂದ ಚಿತ್ರಿಸುವುದು, ಶಾಸನದ ಕಲ್ಲುಗಳಿದ್ದರೆ ಓರೆ ಬೆಳಕಿನಲ್ಲಿ ಅಕ್ಷರಗಳು ಕಾಣುವಂತೆ ತೆಗೆಯುವುದು ಈ ಕಾರಣದಿಂದ ಉಪಯುಕ್ತ. ಅಕ್ಷರಗಳು ಎದ್ದು ಕಾಣಲೆಂದು ಕಲ್ಲಿಗೆ ಸುಣ್ಣ, ಬಣ್ಣ ಅಥವಾ ಎಣ್ಣೆಯನ್ನು ಹಚ್ಚುವುದರಿಂದ ಶಾಸನಕ್ಕೆ ಹಾನಿಯಾಗುತ್ತದೆ.

ಹೂಲಿಯ ಭೇಟಿಯನ್ನು ಸುತ್ತಲಿನ ಇತರ ಸ್ಥಳಗಳೊಂದಿಗೆ ಜೋಡಿಸಿಕೊಳ್ಳಬಹುದು. ಸವದತ್ತಿಯ ಕೋಟೆ ಹಾಗೂ ಯಲ್ಲಮ್ಮನ ಗುಡ್ಡ, ಮಲಪ್ರಭಾ ನದಿಗೆ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟು, ಶಿರಸಂಗಿಯ ಕಾಳಿಕಾ ದೇವಾಲಯ, ಸೊಗಲದ ಜಲಪಾತ ಮತ್ತು ಸೋಮೇಶ್ವರ ದೇವಾಲಯ, ಬೈಲಹೊಂಗಲದಲ್ಲಿರುವ ರಾಣಿ ಚೆನ್ನಮ್ಮನ ಸಮಾಧಿ, ಕಿತ್ತೂರಿನ ಕೋಟೆ, ರಾಮದುರ್ಗ ತಾಲ್ಲೂಕಿನ ತೊರಗಲ್ಲಿನ ಕೋಟೆ ಮತ್ತು ಭೂತನಾಥ ದೇವಾಲಯ ಇವುಗಳಲ್ಲಿ ಮುಖ್ಯವಾದವು. ಇವೆಲ್ಲವನ್ನೂ ಒಂದೇ ದಿನದಲ್ಲಿ ನೋಡಲು ಹೊರಟರೆ ಒಳ್ಳೆಯ ಬೆಳಕಿನ ಹೊತ್ತು ದಾರಿಯಲ್ಲೇ ಕಳೆಯುತ್ತದೆ.

ನಿಯಮಗಳು

ಕೇಂದ್ರ ಸರಕಾರದ ಸಂರಕ್ಷಿತ ಸ್ಮಾರಕಗಳಿಗೆ ೧೯೫೮ರ ಕಾಯಿದೆ ಮತ್ತು ೧೯೫೯ರ ನಿಯಮಗಳೂ, ರಾಜ್ಯದ ಸಂರಕ್ಷಿತ ಸ್ಮಾರಕಗಳಿಗೆ ೧೯೬೧ರ ಕರ್ನಾಟಕದ ಕಾಯಿದೆಯೂ ಅನ್ವಯಿಸುತ್ತವೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಅಥವಾ ಕೃತಕ ದೀಪಗಳನ್ನು ಬಳಸಬೇಕಾದರೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಪೂಜೆ ನಡೆಯುವ ಗುಡಿಗಳಲ್ಲಿ ಗರ್ಭಗುಡಿಯ ಚಿತ್ರ ತೆಗೆಯುವ ಮುನ್ನ ಅರ್ಚಕರ ಒಪ್ಪಿಗೆ ಕೇಳುವುದು ಶಿಷ್ಟಾಚಾರ. ಡ್ರೋನ್ ಹಾರಿಸಲು ೨೦೨೧ರ ಡ್ರೋನ್ ನಿಯಮಗಳನ್ನು ಪಾಲಿಸಬೇಕು. ಅಭಯಾರಣ್ಯಗಳಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅರಣ್ಯ ಇಲಾಖೆಯ ಅನುಮತಿ ಅಗತ್ಯ.

ಹವ್ಯಾಸಿ ತೆಗೆದ ಚಿತ್ರದ ಕೃತಿಸ್ವಾಮ್ಯವು ಸಾಮಾನ್ಯವಾಗಿ ಅವನಿಗೆ ಅಥವಾ ಅವಳಿಗೆ ಸೇರಿದುದು. ೧೯೫೭ರ ಕೃತಿಸ್ವಾಮ್ಯ ಕಾಯಿದೆಗೆ ೨೦೧೨ರಲ್ಲಿ ಆದ ತಿದ್ದುಪಡಿಯ ಬಳಿಕ ಈ ಹಕ್ಕು ಛಾಯಾಗ್ರಾಹಕನ ಜೀವಿತಾವಧಿ ಮತ್ತು ಅನಂತರದ ೬೦ ವರ್ಷಗಳವರೆಗೆ ಇರುತ್ತದೆ. ಮತ್ತೊಬ್ಬರ ಚಿತ್ರವನ್ನು ತನ್ನ ಪ್ರವಾಸದ ಚಿತ್ರವೆಂದು ಹಂಚುವುದು ಆ ಹಕ್ಕಿನ ಉಲ್ಲಂಘನೆ.

ಹಂಚಬಾರದ ಮಾಹಿತಿ

ಎಲ್ಲ ಮಾಹಿತಿಯನ್ನೂ ಎಲ್ಲರಿಗೂ ತಿಳಿಸುವುದು ಹಿತಕರವಲ್ಲ. ಪಕ್ಷಿಗಳ ಗೂಡು ಅಥವಾ ಅಪರೂಪದ ಪ್ರಾಣಿಗಳ ನೆಲೆಯನ್ನು ನಿಖರವಾಗಿ ಬಹಿರಂಗಪಡಿಸಿದರೆ ಜನರು ಗುಂಪುಗೂಡಿ, ತಾಯಿ ಹಕ್ಕಿ ಗೂಡನ್ನೇ ತೊರೆಯುವ ಸಂಭವವಿದೆ. ಆದುದರಿಂದ ಅನುಭವಿ ವನ್ಯಜೀವಿ ಛಾಯಾಗ್ರಾಹಕರು ತಾಲ್ಲೂಕು ಅಥವಾ ಅರಣ್ಯದ ಹೆಸರನ್ನಷ್ಟೇ ಸೂಚಿಸುತ್ತಾರೆ. ಕಾವಲಿಲ್ಲದ ಗುಡಿಗಳಲ್ಲಿ ಬಿಡಿಯಾಗಿ ಬಿದ್ದಿರುವ ಮೂರ್ತಿಗಳ ಚಿತ್ರಗಳನ್ನು ಜಾಗದ ವಿವರದೊಂದಿಗೆ ಪ್ರಕಟಿಸಿದರೆ ಅದು ಕಳ್ಳರಿಗೂ ದಾರಿ ತೋರಿಸಿದಂತಾಗಬಹುದು. ಅಂತಹ ಚಿತ್ರಗಳನ್ನು ಬಹಿರಂಗವಾಗಿ ಹಂಚುವುದಕ್ಕಿಂತ ಪುರಾತತ್ತ್ವ ಇಲಾಖೆಗೆ ತಲುಪಿಸುವುದು ಲೇಸು. ಮೂರ್ತಿ ಕಳುವಾದ ಸಂದರ್ಭದಲ್ಲಿ ಅದನ್ನು ಗುರುತಿಸಲು ಇದೇ ಚಿತ್ರಗಳು ಸಾಕ್ಷ್ಯವಾಗಬಲ್ಲವು. ಜಾತ್ರೆಗಳಲ್ಲಿ ಭಕ್ತರ, ವಿಶೇಷವಾಗಿ ಸ್ತ್ರೀಯರ ಮತ್ತು ಮಕ್ಕಳ ಚಿತ್ರಗಳನ್ನು ಒಪ್ಪಿಗೆಯಿಲ್ಲದೆ ತೆಗೆದು ಹಂಚುವುದು ಅವರ ಘನತೆಗೆ ಕುಂದು ತರುತ್ತದೆ.

ಮಹತ್ವ

ಪ್ರಸಿದ್ಧ ಸ್ಮಾರಕಗಳ ಚಿತ್ರಗಳು ಪ್ರತಿದಿನವೂ ಸಾವಿರಾರು ಜನರ ಕ್ಯಾಮೆರಾದಲ್ಲಿ ದಾಖಲಾಗುತ್ತವೆ. ಹೂಲಿಯಂತಹ ಊರುಗಳ ಸಣ್ಣ ಗುಡಿಗಳಿಗೆ ಆ ಭಾಗ್ಯವಿಲ್ಲ. ವರ್ಷಕ್ಕೊಮ್ಮೆ ಬಂದುಹೋಗುವ ಒಬ್ಬ ಹವ್ಯಾಸಿಯ ಚಿತ್ರವೇ ಒಂದು ಗೋಡೆ ಯಾವಾಗ ಬಿರುಕುಬಿಟ್ಟಿತು, ಒಂದು ಕಂಬ ಯಾವಾಗ ಒರಗಿತು ಎಂಬುದಕ್ಕೆ ಏಕಮಾತ್ರ ಸಾಕ್ಷಿಯಾಗಿರಲು ಸಾಧ್ಯ. ಗ್ರೀನ್‌ಲಾನ ನೆಗೆಟಿವ್‌ಗಳು ಹಂಪಿಗೆ ಮಾಡಿದ ಉಪಕಾರವನ್ನು, ಹೆಸರು ಮತ್ತು ದಿನಾಂಕದೊಡನೆ ಹಂಚಿದ ಸಾಮಾನ್ಯ ಮೊಬೈಲ್ ಚಿತ್ರಗಳು ಇಂತಹ ಊರುಗಳಿಗೆ ಮಾಡಬಲ್ಲವು.

ಇವನ್ನೂ ನೋಡಿ

ಹೂಲಿ
ಸವದತ್ತಿ
ಕಲ್ಯಾಣ ಚಾಲುಕ್ಯರು
ಛಾಯಾಗ್ರಹಣ
ವಿಕಿಮೀಡಿಯ ಕಾಮನ್ಸ್