ಸದಲಗಾ: ಹೊಳೆಸಾಲಿನ ಒಕ್ಕಲು ಮತ್ತು ವ್ರತ

ರಾಜವಂಶಗಳ ವೃತ್ತಾಂತವನ್ನೇ ಇತಿಹಾಸವೆಂದು ಭಾವಿಸುವವರಿಗೆ ಚಿಕ್ಕೋಡಿ ತಾಲೂಕಿನ ಸದಲಗಾ ಪಟ್ಟಣವು ವಿಶೇಷವಾದ ಸಾಮಗ್ರಿಯನ್ನೇನೂ ಒದಗಿಸಲಾರದು. ಯಾವ ಅರಸರಿಗೂ ಅದು ರಾಜಧಾನಿಯಾಗಿರಲಿಲ್ಲ. ನಿಪ್ಪಾಣಿಯಂತೆ ದೇಸಾಯರ ವೈಭವವನ್ನಾಗಲಿ, ಅಥಣಿಯಂತೆ ಬಿಜಾಪುರಕ್ಕೂ ಗೋವೆಗೂ ನಡುವಣ ಸಾರ್ಥಮಾರ್ಗದ ಹಿರಿಮೆಯನ್ನಾಗಲಿ ಅದು ಹೇಳಿಕೊಳ್ಳುವಂತಿಲ್ಲ. ಆದರೆ ನೆಲವು ಜನರನ್ನು ಹೇಗೆ ರೂಪಿಸುವುದು, ಆ ಜನರ ಸಮೃದ್ಧಿಯಿಂದಲೇ ವೈರಾಗ್ಯವೆಂಬುದು ಹೇಗೆ ಹುಟ್ಟಿಬರುವುದು ಎಂಬುದನ್ನು ತಿಳಿಯಬಯಸುವವನು ದೂಧಗಂಗೆಯ ದಡದ ಈ ಊರನ್ನೂ ಅದರ ಆಸುಪಾಸಿನ ಹಳ್ಳಿಗಳನ್ನೂ ಸಾವಧಾನದಿಂದ ನೋಡಬೇಕು.

ಸಹ್ಯಾದ್ರಿಯ ಕೊಲ್ಲಾಪುರ ಭಾಗದ ಬೆಟ್ಟಗಳಲ್ಲಿ ಹುಟ್ಟುವ ದೂಧಗಂಗಾ, ವೇದಗಂಗಾ ಎಂಬ ಎರಡು ಹೊಳೆಗಳು ಪೂರ್ವಾಭಿಮುಖವಾಗಿ ಹರಿದು, ಭೋಜ ಗ್ರಾಮದ ಸಮೀಪ ಒಂದಾಗುತ್ತವೆ. ಒಂದಾದ ಪ್ರವಾಹವು ದೂಧಗಂಗೆಯೆಂಬ ಹೆಸರನ್ನೇ ಉಳಿಸಿಕೊಂಡು, ಸದಲಗಾದ ಬದಿಯಿಂದ ಸಾಗಿ, ಕಲ್ಲೋಳದ ಬಳಿ ಕೃಷ್ಣೆಯಲ್ಲಿ ಲೀನವಾಗುತ್ತದೆ. ಕೃಷ್ಣೆಯ ಆಚೆ ದಡದಲ್ಲಿ ವೀರಭದ್ರನ ಕ್ಷೇತ್ರವಾದ ಯಡೂರು. ಅಲ್ಲಿಂದ ಮುಂದೆ ಹೊಳೆಯು ಮಾಂಜರಿ, ಅಂಕಲಿಗಳನ್ನು ದಾಟಿ ಕಾಗವಾಡ ತಾಲೂಕಿನ ಉಗಾರ, ರಾಯಬಾಗ ತಾಲೂಕಿನ ಕುಡಚಿ, ಅಥಣಿ ತಾಲೂಕಿನ ನದಿ ಇಂಗಳಗಾಂವಗಳತ್ತ ಇಳಿಯುವುದು. ಬೆಟ್ಟದಲ್ಲಿ ಮಳೆ ಸುರಿದರೆ ಇಲ್ಲಿ ಒಂದು ಹನಿಯೂ ಬೀಳದೆ ಪ್ರವಾಹ ಬರುವುದುಂಟು. ಆಷಾಢ ಶ್ರಾವಣಗಳಲ್ಲಿ ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಭೋಜವಾಡಿ–ಕುನ್ನೂರ, ಕಲ್ಲೋಳ–ಯಡೂರ ಮೊದಲಾದ ತಗ್ಗು ಸೇತುವೆಗಳು ಒಂದರ ಹಿಂದೊಂದು ನೀರಿನಡಿಯಲ್ಲಿ ಮುಳುಗಿ, ಅರ್ಧ ಗಂಟೆಯ ಹಾದಿ ಸುತ್ತುಬಳಸಿನ ಪ್ರಯಾಣವಾಗುತ್ತದೆ. 2005, 2019, 2021ರ ಮಹಾಪೂರಗಳಲ್ಲಿ ಸೇತುವೆಗಳಷ್ಟೇ ಅಲ್ಲದೆ ಮನೆಗಳೂ ಬೆಳೆಗಳೂ ನೀರುಪಾಲಾದುವು. ಆದರೂ ಈ ಪೂರವೇ ಹೊಳೆಸಾಲಿನ ಹೊಲಗಳಿಗೆ ಮೆಕ್ಕಲು ತಂದು ಹಾಸಿದುದು; ಹಿಂದಿನವರು ಅದನ್ನು ಶಪಿಸುತ್ತಲೇ ಅದರಿಂದ ಬದುಕಿದರು.

ಇಂತಹ ನೆಲದ ಮೇಲೆ ಅರಸರ ದೃಷ್ಟಿ ಬೀಳದಿರುವುದು ಹೇಗೆ? ಹನ್ನೆರಡನೆಯ ಶತಮಾನದಲ್ಲಿ ಪಶ್ಚಿಮಕ್ಕೆ ಕೊಲ್ಲಾಪುರದ ಶಿಲಾಹಾರರು, ಪೂರ್ವದಕ್ಷಿಣಗಳಿಗೆ ಸವದತ್ತಿಯ ರಟ್ಟರು ಆಳುತ್ತಿದ್ದರು. ಇಬ್ಬರೂ ಜಿನಾಲಯಗಳಿಗೆ ಉದಾರವಾಗಿ ದತ್ತಿ ಬಿಟ್ಟವರು. ಕೃಷ್ಣೆಯ ಈ ಬಯಲಿಗೆ ಸೇರಿದ ತೇರದಾಳದಲ್ಲಿ ಗೊಂಕನೆಂಬ ಮಾಂಡಲಿಕನು ನೇಮಿನಾಥ ಬಸದಿಯನ್ನು ಕಟ್ಟಿಸಿದುದನ್ನು 1123ರ ಶಾಸನವು ಹೇಳುತ್ತದೆ; ಕೊಲ್ಲಾಪುರದ ಮಾಘನಂದಿ ಸೈದ್ಧಾಂತಿಕರ ಹೆಸರೂ ಅದರಲ್ಲಿ ಬರುತ್ತದೆ. ಜುಗೂಳದ ಎದುರು ದಡದಲ್ಲಿ, ಇಂದಿನ ಮಹಾರಾಷ್ಟ್ರಕ್ಕೆ ಸೇರಿದ ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲಿ ಕನ್ನಡ ಶಾಸನಗಳು ಇಂದಿಗೂ ನಿಂತಿವೆ. ಶೈವವೂ ಜೈನವೂ ಈ ಹೊಳೆಯ ದಡಗಳಲ್ಲಿ ಏಕಕಾಲದಲ್ಲಿ ಬೆಳೆದುವು.

ಮುಂದಿನ ಶತಮಾನಗಳಲ್ಲಿ ಪ್ರಭುಗಳು ಬದಲಾದರು, ಒಕ್ಕಲು ಬದಲಾಗಲಿಲ್ಲ. ಯಾದವರು, ಬಹಮನಿಗಳು, ಆದಿಲಶಾಹಿಗಳು, ಮರಾಠರು ಅನುಕ್ರಮವಾಗಿ ಕಂದಾಯವನ್ನೆತ್ತಿದರು. ಪೇಶ್ವೆಯರ ಪತನಾನಂತರ ಚಿಕ್ಕೋಡಿ, ಮನೋಳಿ ತಾಲೂಕುಗಳು ಕೆಲಕಾಲ ಕೊಲ್ಲಾಪುರದ ರಾಜರ ಕೈಯಲ್ಲಿದ್ದು, 1827ರ ಒಪ್ಪಂದದಿಂದ ಕಂಪನಿ ಸರಕಾರಕ್ಕೆ ಹೋದುವು; 1836ರಲ್ಲಿ ಬೆಳಗಾವಿಯು ಪ್ರತ್ಯೇಕ ಜಿಲ್ಲೆಯಾಯಿತು; 1839ರಲ್ಲಿ ನಿಪ್ಪಾಣಿಯ ದೇಸಗತಿಯೂ, 1857ರಲ್ಲಿ ಪಟವರ್ಧನರ ಶೇಡಬಾಳ ಸಂಸ್ಥಾನವೂ ಆಂಗ್ಲರ ವಶವಾದುವು. ರಾಯಬಾಗವಾದರೋ 1949ರಲ್ಲಿ ಕೊಲ್ಲಾಪುರ ಸಂಸ್ಥಾನವು ವಿಲೀನವಾಗುವವರೆಗೂ ಆ ಛತ್ರಪತಿಗಳದಾಗಿಯೇ ಉಳಿಯಿತು. ಹೀಗೆ ಒಂದು ದಿನದ ಎತ್ತಿನ ಗಾಡಿಯ ಪ್ರಯಾಣದಲ್ಲಿ ಮೂರು ಸರಕಾರಗಳ ಎಲ್ಲೆಯನ್ನು ದಾಟಬೇಕಾಗಿದ್ದ ಈ ಸೀಮೆಯ ಜನರಿಗೆ, 1956ರ ನವೆಂಬರ್ 1ರಂದು ಮೈಸೂರು ರಾಜ್ಯದ ಗಡಿಯು ತಮ್ಮ ಊರಾಚೆಯೇ ಬಂದು ನಿಂತುದು ಅಷ್ಟೇನೂ ಅಪರಿಚಿತವಾದ ಅನುಭವವಾಗಿರಲಾರದು. ಬೀಗತನ, ಸಂತೆ, ಜಾತ್ರೆಗಳು ಗಡಿಯನ್ನು ಕೇಳಿ ನಡೆಯುವುದಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಎಂಬ ವ್ಯವಸ್ಥೆಯಲ್ಲಿ ಈ ಭಾಗದ ಅನೇಕರು ಯಾವ ವಿರೋಧವನ್ನೂ ಕಂಡವರಲ್ಲ.

ಈ ಎಲ್ಲ ಪ್ರಭುತ್ವಗಳಿಗೂ ಆಧಾರವಾಗಿದ್ದುದು ಎರೆ ಭೂಮಿ. ಬೇಸಗೆಯಲ್ಲಿ ಅಂಗೈ ಹಿಡಿಸುವಷ್ಟು ಬಿರುಕುಬಿಟ್ಟು, ಮಳೆ ಬಿದ್ದೊಡನೆ ಗಾಡಿಯ ಗಾಲಿಗಳನ್ನು ಅಂಟಿನಿಂದ ಹಿಡಿದಿಡುವ ಈ ಮಣ್ಣನ್ನು ಉಳಲು ಸಾಮಾನ್ಯ ಎತ್ತುಗಳು ಸಾಲುತ್ತಿರಲಿಲ್ಲ. ಆದುದರಿಂದಲೇ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸುತ್ತಣ ಸಂಸ್ಥಾನಿಕರ ಪ್ರೋತ್ಸಾಹದಿಂದ ಗೀರ್, ಕಾಂಕ್ರೇಜ್, ಓಂಗೋಲು ತಳಿಗಳನ್ನು ಊರ ದನಗಳೊಡನೆ ಬೆರೆಸಿ, ಕೃಷ್ಣಾ ಕಣಿವೆಯ ತಳಿಯೆಂದು ಹೆಸರಾದ ಭಾರಿ ದೇಹದ ಎತ್ತುಗಳನ್ನು ಬೆಳೆಸಿದರು. ಜೋಳ, ಶೇಂಗಾ, ತಂಬಾಕು, ಕಬ್ಬು ಇಲ್ಲಿಯ ಬೆಳೆಗಳು. ತಂಬಾಕು ನಿಪ್ಪಾಣಿಯ ಪೇಟೆಗೆ ಹೋಗುತ್ತಿತ್ತು. ಅದರ ಬೆಲೆಗಾಗಿ 1981ರಲ್ಲಿ ರೈತರು ಹೆದ್ದಾರಿಯಲ್ಲಿ ಕುಳಿತು ಪೋಲೀಸರ ಗುಂಡಿಗೆ ಬಲಿಯಾದ ಕಥೆಯನ್ನು ಈ ಸೀಮೆ ಮರೆತಿಲ್ಲ. ಕಬ್ಬು ಗಾಣದಲ್ಲಿ ಅರೆಯಲ್ಪಟ್ಟು, ಕೊಪ್ಪರಿಗೆಯಲ್ಲಿ ಕುದಿದು, ಬೆಲ್ಲದ ಪೆಂಟಿಯಾಗಿ, ಶಾಹೂ ಮಹಾರಾಜರು 1895ರಲ್ಲಿ ಸ್ಥಾಪಿಸಿದ ಕೊಲ್ಲಾಪುರದ ಶಾಹೂಪುರಿ ಪೇಟೆಯನ್ನು ಸೇರುತ್ತಿತ್ತು.

ಈ ಹೊಲಗಳ ಒಡೆಯರಲ್ಲಿ ಲಿಂಗಾಯತರೂ ಮರಾಠರೂ ಇದ್ದಂತೆ ಚತುರ್ಥ ಜೈನರೂ ಬಹುಸಂಖ್ಯೆಯಲ್ಲಿದ್ದರು. ಜೈನರೆಂದರೆ ವ್ಯಾಪಾರಿಗಳೆಂಬ ಉತ್ತರದೇಶದ ಕಲ್ಪನೆಗೆ ಇಲ್ಲಿ ಸ್ಥಳವಿಲ್ಲ. ಇವರು ಗೌಡಿಕೆ ಮಾಡಿದವರು, ನೇಗಿಲು ಹಿಡಿದವರು. ಸೂರ್ಯಾಸ್ತಕ್ಕೆ ಮುನ್ನ ಊಟ, ಸೋಸಿದ ನೀರು, ಬೆಳಗಾದರೆ ಬಸದಿಯ ದರ್ಶನ, ಇವು ಹೊಲದ ಕೆಲಸದೊಡನೆಯೇ ನಡೆದು ಬಂದ ನಿಯಮಗಳು. ನಾಂದಣಿಯ ಭಟ್ಟಾರಕ ಮಠ ಅವರ ಗುರುಪೀಠ. ನಿಪ್ಪಾಣಿಯ ಸಮೀಪದ ಸ್ತವನಿಧಿ ಕ್ಷೇತ್ರದಲ್ಲಿ 1899ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಜೈನ ಸಭೆಯು ಈ ಒಕ್ಕಲು ಮಕ್ಕಳನ್ನು ಶಾಲೆಗೆ ಕಳುಹಿಸುವ ಕಾರ್ಯವನ್ನು ಕೈಗೊಂಡಿತು. ಅದರ ಮುಂದಾಳುಗಳಲ್ಲೊಬ್ಬರಾದ, ಕುರುಂದವಾಡದ ಅಣ್ಣಾಸಾಹೇಬ ಲಠ್ಠೆಯವರು 1937ರ ಮುಂಬಯಿ ಮಂತ್ರಿಮಂಡಲದಲ್ಲಿ ಹಣಕಾಸಿನ ಮಂತ್ರಿಗಳಾದರು.

ಆದರೆ ಈ ನೆಲದ ನಿಜವಾದ ಅಚ್ಚರಿಯು ಬೇರೊಂದುಂಟು. ಭೋಜದ ಪಾಟೀಲರ ಮನೆತನದಲ್ಲಿ 1872ರಲ್ಲಿ ಹುಟ್ಟಿದ ಸಾತಗೌಡರು ಬಲಿಷ್ಠವಾದ ಮೈಕಟ್ಟಿನ ರೈತರು. ವಿಹಾರಕ್ಕೆ ಬಂದ ಆದಿಸಾಗರರೆಂಬ ಮುನಿಗಳನ್ನು ಅವರು ಹೆಗಲ ಮೇಲೆ ಕುಳ್ಳಿರಿಸಿಕೊಂಡು ವೇದಗಂಗಾ–ದೂಧಗಂಗೆಯರ ಸಂಗಮದ ಸೆಳವಿನಲ್ಲಿ ದಾಟಿಸುತ್ತಿದ್ದರೆಂದೂ, ಹೊಲ ಕಾಯಲು ಹೋದಾಗ ಕಾಳಿಗೆ ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರಿಡುತ್ತಿದ್ದರೆಂದೂ ಅವರ ಚರಿತ್ರಕಾರರು ಹೇಳುವರು. ನಡುವಯಸ್ಸಿನಲ್ಲಿ ದೀಕ್ಷೆವಹಿಸಿ ಶಾಂತಿಸಾಗರರಾದ ಆ ಮಹನೀಯರು, 1924ರಲ್ಲಿ ಆಚಾರ್ಯಪದವಿಯನ್ನು ಪಡೆದು, ದಿಗಂಬರ ಮುನಿಗಳ ಸಂಚಾರವು ಬಹುಕಾಲ ವಿರಳವಾಗಿದ್ದ ಉತ್ತರ ಭಾರತವನ್ನು ಬರಿಗಾಲಲ್ಲಿ ಸುತ್ತಿ, 1955ರ ಸೆಪ್ಟೆಂಬರ್ 18ರಂದು ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹವನ್ನಿಳಿಸಿದರು. ಚಿಕ್ಕೋಡಿ ತಾಲೂಕಿನ ಕೋಥಳಿಯಿಂದ ಆಚಾರ್ಯ ದೇಶಭೂಷಣರು ಬಂದರು. 1925ರಲ್ಲಿ ಶೇಡಬಾಳದಲ್ಲಿ ಹುಟ್ಟಿದ ವಿದ್ಯಾನಂದರು 1963ರಲ್ಲಿ ದಿಲ್ಲಿಯಲ್ಲಿ ಅವರಿಂದಲೇ ಮುನಿದೀಕ್ಷೆ ಪಡೆದರು.

ಸದಲಗಾದ ಪಾಲಿಗೆ ಬಂದ ಹೆಸರು ವಿದ್ಯಾಸಾಗರರದು. 1946ರ ಅಕ್ಟೋಬರ್ 10ರ ಶರತ್ಪೂರ್ಣಿಮೆಯಂದು ಇಲ್ಲಿಯ ಮಲ್ಲಪ್ಪ, ಶ್ರೀಮಂತಿ ದಂಪತಿಗಳಿಗೆ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿದ ವಿದ್ಯಾಧರನು ಇಪ್ಪತ್ತನೆಯ ವರ್ಷಕ್ಕೆ ಮನೆಬಿಟ್ಟು ಜಯಪುರಕ್ಕೆ ಹೋಗಿ, ದೇಶಭೂಷಣರಿಂದ ಬ್ರಹ್ಮಚರ್ಯವ್ರತವನ್ನೂ, 1968ರ ಜೂನ್ 30ರಂದು ಅಜಮೇರಿನಲ್ಲಿ ಜ್ಞಾನಸಾಗರರಿಂದ ಮುನಿದೀಕ್ಷೆಯನ್ನೂ ಸ್ವೀಕರಿಸಿದನು. ಮುಂದೆ ತಂದೆತಾಯಿಗಳೂ ಒಡಹುಟ್ಟಿದವರೂ ಅದೇ ಹಾದಿಯನ್ನು ಹಿಡಿದುದರಿಂದ ಒಂದು ಒಕ್ಕಲುಮನೆಯೇ ಸಂಘದಲ್ಲಿ ಸೇರಿಹೋಯಿತು. 2024ರ ಫೆಬ್ರುವರಿ 18ರಂದು ಛತ್ತೀಸಗಢದ ಡೊಂಗರಗಢದಲ್ಲಿ ಸಮಾಧಿಮರಣವನ್ನು ಹೊಂದಿದ ಈ ಆಚಾರ್ಯರು ಹಿಂದಿಯಲ್ಲಿ ರಚಿಸಿದ ‘ಮೂಕಮಾಟಿ’ ಮಹಾಕಾವ್ಯದ ನಾಯಿಕೆ ಮಣ್ಣೇ ಎಂಬುದನ್ನು ಹೊಳೆಸಾಲಿನವರು ಗಮನಿಸದಿರಲಾರರು.

ಇಷ್ಟು ಚಿಕ್ಕ ಪ್ರದೇಶದಲ್ಲಿ ಇಷ್ಟು ಮಂದಿ ಆಚಾರ್ಯರು ಹುಟ್ಟಿದುದು ಕೇವಲ ಯದೃಚ್ಛೆಯೆ? ದಿಗಂಬರ ಮುನಿಯು ಅಡುಗೆ ಮಾಡುವಂತಿಲ್ಲ, ಹಣವನ್ನು ಮುಟ್ಟುವಂತಿಲ್ಲ, ವಾಹನವನ್ನೇರುವಂತಿಲ್ಲ. ಬೆಳಗಿನ ಹೊತ್ತು ಗೃಹಸ್ಥರು ಮಡಿಯುಟ್ಟು, ಕೈಯಲ್ಲಿ ಕಲಶ ಹಿಡಿದು ಬಾಗಿಲಲ್ಲಿ ನಿಂತು ಆಹ್ವಾನಿಸಿದಲ್ಲಿ ಮಾತ್ರ ಅವನು ಒಳಹೊಕ್ಕು, ನಿಂತ ನಿಲುವಿನಲ್ಲಿ, ಅಂಗೈಗಳನ್ನೇ ಪಾತ್ರೆಯಾಗಿ ಮಾಡಿ, ದಿನಕ್ಕೊಮ್ಮೆ ಉಣ್ಣುವನು. ಅನ್ನದಲ್ಲಿ ಒಂದು ಕೂದಲು ಕಂಡರೂ ಅಂದಿನ ಊಟ ಅಲ್ಲಿಗೆ ಮುಗಿಯಿತು. ಮಳೆಗಾಲದ ನಾಲ್ಕು ತಿಂಗಳು ಒಂದೇ ಊರಿನಲ್ಲಿ ನಿಲ್ಲಬೇಕು. ಇಂತಹ ಯತಿಯನ್ನು ಸಾಕುವ ಶಕ್ತಿ ದರಿದ್ರ ಗ್ರಾಮಕ್ಕಿಲ್ಲ, ನಿಯಮವನ್ನರಿಯದ ಶ್ರೀಮಂತ ನಗರಕ್ಕೂ ಇಲ್ಲ. ತುಂಬಿದ ಕಣಜ, ಸೋಸಿದ ನೀರು, ವ್ರತವನ್ನರಿತ ಗೃಹಿಣಿ, ಈ ಮೂರೂ ಕೂಡಿದಲ್ಲಿ ಮಾತ್ರ ಆ ಪರಂಪರೆ ಉಳಿಯುವುದು. ಎರೆಮಣ್ಣು ಈ ಮೂರಕ್ಕೂ ಅವಕಾಶ ಮಾಡಿಕೊಟ್ಟಿತು. ನದಿ ಇಂಗಳಗಾಂವದಲ್ಲಿ ಹುಟ್ಟಿ ಅಥಣಿಯ ಗಚ್ಚಿನ ಮಠದಲ್ಲಿ ನೆಲೆಸಿದ ವೀರಶೈವ ಶಿವಯೋಗಿ ಮುರುಘೇಂದ್ರರನ್ನು (1836–1921) ನೆನೆದರೆ, ದಾಸೋಹದ ಮಾತಿಗೂ ಇದು ಅನ್ವಯಿಸುವುದೆಂದು ತೋರುತ್ತದೆ.

ಈಗ ಅದೇ ಮಣ್ಣಿಗೆ ಸಂಕಟ ಬಂದಿದೆ. 1939ರಲ್ಲಿ ಉಗಾರ ಸಕ್ಕರೆ ಕಾರಖಾನೆಯ ಸಂಸ್ಥೆ ಸ್ಥಾಪಿತವಾದ ಬಳಿಕ, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಸಹಕಾರಿ ಕಾರಖಾನೆಯೇ ಮೊದಲಾಗಿ ಹಲವು ತಲೆಯೆತ್ತಿ, ಕಬ್ಬು ಉಳಿದ ಬೆಳೆಗಳನ್ನು ಬದಿಗೊತ್ತಿತು. ವಿದ್ಯುತ್ ಪಂಪುಗಳು ಹೊಳೆಯ ನೀರನ್ನು ಮೈಲುಗಟ್ಟಲೆ ಒಯ್ದುವು. ವರ್ಷವಿಡೀ ನೀರುಂಡ ಎರೆ ಭೂಮಿಯಲ್ಲಿ ಬಸಿದು ಹೋಗಲಾರದ ತೇವ ನಿಂತು, ಉಪ್ಪು ಮೇಲೇರಿ, ಎಷ್ಟೋ ಹೊಲಗಳು ಸವಳು–ಜವಳಾದುವು. ಬೇಸಗೆಯಲ್ಲಿ ಹೊಳೆ ಬತ್ತಿದರೆ ಕೊಯ್ನಾ ಜಲಾಶಯದಿಂದ ನೀರು ಬಿಡಿಸೆಂದು ಪಕ್ಕದ ರಾಜ್ಯವನ್ನು ಕೇಳಿಕೊಳ್ಳುವ ಸರಕಾರವು, ಮಳೆಗಾಲದಲ್ಲಿ ಅದೇ ಜಲಾಶಯದ ಹೊರಹರಿವನ್ನು ಗಂಟೆಗಂಟೆಗೆ ಲೆಕ್ಕ ಹಾಕುತ್ತದೆ. ನೆಲದಡಿ ರಂಧ್ರವುಳ್ಳ ಕೊಳವೆಗಳನ್ನು ಹೂತು ಉಪ್ಪುನೀರನ್ನು ಬಸಿಯುವ ಕಾರ್ಯವೇನೋ ನಡೆದಿದೆ. ಆದರೆ ಹಾಯಿಸುವ ನೀರಿಗೆ ಮಿತಿಯಿಲ್ಲದಿದ್ದರೆ ಕೊಳವೆ ಎಷ್ಟು ಕಾಲ ತಡೆದೀತು?

ಎಲ್ಲವನ್ನೂ ತೊರೆದ ಮಹಾವ್ರತಿಗಳನ್ನು ಈ ಸೀಮೆ ಉಚಿತವಾಗಿಯೇ ಗೌರವಿಸುತ್ತದೆ. ಆದರೆ ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹಪರಿಮಾಣ. ಇಷ್ಟೇ ಸಾಕೆಂದು ಗೃಹಸ್ಥನು ತನ್ನ ಸಂಪತ್ತಿಗೆ ತಾನೇ ಹಾಕಿಕೊಳ್ಳುವ ಎಲ್ಲೆ ಅದು. ಹೊಲ, ಧಾನ್ಯ, ದನಗಳನ್ನು ಎಣಿಸಿ ಹೇಳಿದ ಪೂರ್ವಾಚಾರ್ಯರಿಗೆ ಪಂಪಿನ ನೀರನ್ನು ಆ ಪಟ್ಟಿಗೆ ಸೇರಿಸುವ ಪ್ರಸಂಗ ಬಂದಿರಲಿಲ್ಲ. ಮುನಿಗಳನ್ನು ಹಡೆದ ಮಣ್ಣು ಉಳಿಯಬೇಕಾದರೆ ಹೊಳೆಸಾಲಿನ ಒಕ್ಕಲಿಗನೇ, ಅವನು ಯಾವ ಮತದವನಾದರೂ ಆಗಲಿ, ಅದನ್ನು ಸೇರಿಸಬೇಕಾಗಿದೆ.