ಕಾಗುಣಿತದ ಹಿಂದಿನ ಚರಿತ್ರೆ

ಹೇಮಾವತಿ ಹುಟ್ಟುವ ಜಾವಳಿಯ ಕಡೆಯ ಮಲೆಗಳಲ್ಲಿ ಕಾಫಿ ಎಂಬ ಮಾತನ್ನರಿಯದ ಮಗುವಿಲ್ಲ. ಅರಬ್ಬಿಯ ‘ಕಹ್ವಾ’ ತುರ್ಕಿಯಲ್ಲಿ ‘ಕಹ್ವೆ’ಯಾಗಿ, ಡಚ್ಚರ ಬಾಯಲ್ಲಿ ‘ಕೋಫಿ’ಯಾಗಿ ಇಂಗ್ಲಿಷಿಗೆ ಬಂದಿತು. ನಾವು ಅದನ್ನು ಎರಡಕ್ಷರಗಳಲ್ಲಿ ಬರೆದು ಮುಗಿಸುತ್ತೇವೆ. ಇಂಗ್ಲಿಷಿನಲ್ಲಿ ಆರು ಬೇಕು, ಅವುಗಳಲ್ಲಿ ಎಫ್ ಎರಡು, ಇ ಎರಡು. ಮನೆಪಾಠ ಬರೆಯುವ ಹುಡುಗ ಒಂದನ್ನು ಬಿಟ್ಟರೆ ಕೆಂಪು ಗೆರೆ ಬೀಳುತ್ತದೆ. ಆ ಗೆರೆ ತನ್ನ ಬುದ್ಧಿಯ ಮೇಲೆಯೇ ಬಿದ್ದಿತೆಂದು ಅವನು ಕುಗ್ಗಬಾರದು. ಈ ಮಾತು ಅದಕ್ಕಾಗಿ.

ಇಂಗ್ಲಿಷ್ ಕಾಗುಣಿತ ಯಾರೋ ಒಬ್ಬರು ಕುಳಿತು ರಚಿಸಿದ ಶಾಸ್ತ್ರವಲ್ಲ. 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಅಚ್ಚುಕೂಟ ತೆರೆದಾಗ, ವೀರಯೋಧನೆಂಬ ಅರ್ಥದ ‘ನೈಟ್’ ಪದದ ಮೊದಲ ಕೆ ಇನ್ನೂ ಜನರ ನಾಲಗೆಯ ಮೇಲಿತ್ತು. ಮುಂದೆ ಉಚ್ಚಾರ ಸರಿದುಹೋಯಿತು. ಅಚ್ಚಿನ ಮೊಳೆ ನಿಂತಲ್ಲೇ ನಿಂತಿತು. ಸಾಲವೆಂಬ ಅರ್ಥದ ‘ಡೆಟ್’ ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲಿಲ್ಲ. ಲ್ಯಾಟಿನ್ನಿನ ‘ಡೆಬಿಟುಮ್’ ನೆನೆದ ಪಂಡಿತರು ಅದನ್ನು ಸೇರಿಸಿದರು. ‘ಐಲೆಂಡ್’ ಅಚ್ಚ ಇಂಗ್ಲಿಷ್ ಪದ. ಲ್ಯಾಟಿನ್ ಮೂಲದ ‘ಐಲ್’ನ ನಂಟೆಂದು ಭ್ರಮಿಸಿ ಅದಕ್ಕೆ ಎಸ್ ಅಂಟಿಸಲಾಯಿತು. 1755ರ ಜಾನ್ಸನ್ನನ ನಿಘಂಟು ಇಂಥ ರೂಪಗಳನ್ನು ಬಹುಮಟ್ಟಿಗೆ ನೆಲೆಗೊಳಿಸಿತು. ವಿದ್ವಾಂಸರ ಪ್ರಮಾದವೇ ನಿಯಮವಾದಾಗ, ಬಾಲಕನ ಪ್ರಮಾದಕ್ಕೆ ತುಸು ದಯೆ ತೋರಬಾರದೆ?

ಹಾಗೆಂದು ನಿಯಮಗಳೆಲ್ಲ ಕುರುಡಲ್ಲ. ‘ಎ’ ಮತ್ತು ‘ಆನ್’ ಪ್ರಯೋಗವನ್ನು ನೋಡಿ. ಇಂಗ್ಲಿಷ್ ಲಿಪಿಯ ಅಕ್ಷರ ನೋಡಿ ಬರೆಯುವವನು ಎಡವುತ್ತಾನೆ. ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡವನು ಎಡವುವುದಿಲ್ಲ. ‘ಅವರ್’ ಸ್ವರದಿಂದ ಮೊದಲಾಗುತ್ತದೆ, ಆದ್ದರಿಂದ ‘ಆನ್’; ‘ಯೂನಿವರ್ಸಿಟಿ’ ಯಕಾರದಿಂದ ಮೊದಲಾಗುತ್ತದೆ, ಆದ್ದರಿಂದ ‘ಎ’. ನಿಯಮ ಕಿವಿಯದು, ಕಣ್ಣಿನದಲ್ಲ. ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜನ ನಾಡಿನವರಿಗೆ ಇದು ಹೊಸತೂ ಅಲ್ಲ. ‘ಮನೆಯನ್ನು’ ಎಂಬಲ್ಲಿ ಯಕಾರ, ‘ಗುರುವನ್ನು’ ಎಂಬಲ್ಲಿ ವಕಾರ ಆಗಮವಾಗಿ ಬಂದು ಎರಡು ಸ್ವರಗಳ ನಡುವೆ ನಿಲ್ಲುತ್ತವೆ. ‘ಆನ್’ನ ನಕಾರವೂ ಆಗಮದಂತೆಯೇ ತೋರುತ್ತದೆ. ಆದರೆ ಚರಿತ್ರೆ ಬೇರೆ: ‘ಒಂದು’ ಎಂಬರ್ಥದ ‘ಆನ್’ ರೂಪವೇ ಹಳೆಯದು, ವ್ಯಂಜನದ ಮುಂದೆ ಅದರ ನಕಾರ ಬಿದ್ದುಹೋಯಿತು. ಅದು ಆಗಮವಲ್ಲ, ಲೋಪ.

ಹೀಗೆಯೇ ‘ರನ್’ ಎಂಬುದು ‘ರನ್ನಿಂಗ್’ ಆದಾಗ ಬರವಣಿಗೆಯಲ್ಲಿ ಎನ್ ಇಮ್ಮಡಿಸುವುದು ಹಿಂದಿನ ಸ್ವರದ ಹ್ರಸ್ವವನ್ನು ಕಾಯಲು. ‘ಮೇಕ್’ ಎಂಬುದು ‘ಮೇಕಿಂಗ್’ ಆದಾಗ ಮೂಕವಾದ ಕೊನೆಯ ಇ ಲೋಪವಾಗುತ್ತದೆ.

ರೆನ್ ಮತ್ತು ಮಾರ್ಟಿನ್ನರ ವ್ಯಾಕರಣ ನಮ್ಮ ಅನೇಕ ತಲೆಮಾರುಗಳನ್ನು ತಿದ್ದಿದೆ. ಅದರ ಉಪಕಾರ ದೊಡ್ಡದು. ಆದರೆ ಕಾರಣ ತಿಳಿಯದೆ ಉರುಹೊಡೆದ ನಿಯಮ ಪರೀಕ್ಷೆಯವರೆಗೆ ಬರುತ್ತದೆ. ಕಾರಣ ತಿಳಿದದ್ದು ಬಾಳಿನುದ್ದಕ್ಕೂ ಬರುತ್ತದೆ. ಮಲೆನಾಡಿನ ಎಷ್ಟೋ ಮಕ್ಕಳಿಗೆ ಇಂಗ್ಲಿಷು ಮುಂದಿನ ಓದಿನ ಹೊಸ್ತಿಲಾಗಿದೆ. ಆ ಹೊಸ್ತಿಲನ್ನು ಅಂಜಿಕೆಯಿಂದಲ್ಲ, ಅರಿವಿನಿಂದ ದಾಟಿಸುವುದು ಹಿರಿಯರ ಹೊಣೆ. ಅದಕ್ಕೆ ಬೇಕಾದ ಸಾಮಗ್ರಿ ನಮ್ಮ ಸಂಧಿಪ್ರಕರಣದಲ್ಲೇ ಇದೆ.