ಸೊನ್ನೆ ಎಣಿಸುವ ಅಳತೆಗಳು: ಭೂಕಂಪದ ಪರಿಮಾಣ ಮತ್ತು ಡೆಸಿಬೆಲ್

ಕೋಲಿನಲ್ಲಿ ಬಟ್ಟೆ ಅಳೆಯುವಾಗ ಪ್ರತಿ ಗುರುತಿಗೂ ಒಂದೇ ಪ್ರಮಾಣ ಕೂಡುತ್ತದೆ. ಕೆಲವು ಅಳತೆಗಳಲ್ಲಿ ಪ್ರತಿ ಮೆಟ್ಟಿಲಿಗೂ ಹತ್ತುಪಟ್ಟು ಗುಣಿಸಬೇಕಾಗುತ್ತದೆ. ಇವು ಲಘುಗಣಕ, ಅಂದರೆ ಲಾಗರಿದಮ್, ಆಧಾರಿತ ಮಾನಗಳು.

ಇದನ್ನು ಮಕ್ಕಳಿಗೆ ಜೋಳದ ಕಾಳಿನಿಂದಲೇ ತೋರಿಸಬಹುದು. ಒಂದು ಕಾಳು, ಹತ್ತು ಕಾಳು, ನೂರು ಕಾಳುಗಳ ರಾಶಿಗಳನ್ನು ಸಾಲಾಗಿ ಇಡಿಸಿ, ಪ್ರತಿ ಸಂಖ್ಯೆಯಲ್ಲಿರುವ ಸೊನ್ನೆಗಳನ್ನು ಎಣಿಸಲು ಹೇಳಿರಿ: 0, 1, 2. ಸಾವಿರಕ್ಕೆ 3. ಆ ಸೊನ್ನೆಗಳ ಎಣಿಕೆಯೇ ಲಘುಗಣಕ. ರಾಶಿ ಬೆಟ್ಟವಾದರೂ ಎಣಿಕೆ ಚಿಕ್ಕದಾಗಿಯೇ ಉಳಿಯುತ್ತದೆ.

ಭೂಕಂಪ: ಚಾರ್ಲ್ಸ್ ರಿಕ್ಟರ್ 1935ರಲ್ಲಿ ಕ್ಯಾಲಿಫೋರ್ನಿಯಾದ ಭೂಕಂಪಗಳಿಗಾಗಿ ಇಂತಹ ಮಾನವನ್ನು ರೂಪಿಸಿದರು. ಅದರಲ್ಲಿ ಒಂದು ಅಂಕ ಏರಿದರೆ ದಾಖಲಾಗುವ ಕಂಪನದ ಎತ್ತರ ಹತ್ತುಪಟ್ಟು, ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು. ದೊಡ್ಡ ಭೂಕಂಪಗಳಿಗೆ ಇಂದು ಬಳಸುವ ಮಾನದಲ್ಲಿಯೂ ಶಕ್ತಿಯ ಲೆಕ್ಕ ಇದೇ. 1993ರ ಸೆಪ್ಟೆಂಬರ್ 30ರಂದು ಲಾತೂರು ಜಿಲ್ಲೆಯ ಕಿಲ್ಲಾರಿಯ ಭೂಕಂಪದ ಪರಿಮಾಣ 6.2, 2001ರ ಜನವರಿ 26ರ ಕಚ್ಛ್ ಭೂಕಂಪದ್ದು 7.7. ವ್ಯತ್ಯಾಸ ಒಂದೂವರೆ ಅಂಕವಾದರೂ ಶಕ್ತಿ ಸುಮಾರು 180 ಪಟ್ಟು. ಹಾಗೆಂದು 6.2 ಅಲ್ಪವೆಂದು ಮಗು ಭಾವಿಸಬಾರದು. ಕಿಲ್ಲಾರಿ ಪರಿಸರದಲ್ಲಿ ಕಂಪನದ ಮೂಲ ಆಳದಲ್ಲಿರಲಿಲ್ಲ, ಮನೆಗಳು ಕಲ್ಲುಮಣ್ಣಿನವು, ಹೊತ್ತು ನಸುಕಿನದು. ಮಲಗಿದ್ದ ಸಾವಿರಾರು ಜನ ಮಡಿದರು. ಪರಿಮಾಣ ಶಕ್ತಿಯನ್ನು ಹೇಳುತ್ತದೆ, ಹಾನಿಯನ್ನಲ್ಲ.

ಸದ್ದು: ಡೆಸಿಬೆಲ್ ಎಂಬ ಹೆಸರಿನಲ್ಲಿರುವ 'ಬೆಲ್' ದೂರವಾಣಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ನೆನಪಿನದು. ಬೆಲ್‌ನ ಹತ್ತನೆಯ ಒಂದು ಭಾಗ ಡೆಸಿಬೆಲ್. 10 ಡೆಸಿಬೆಲ್ ಏರಿದರೆ ಸದ್ದಿನ ತೀವ್ರತೆ ಹತ್ತುಪಟ್ಟು, 20 ಏರಿದರೆ ನೂರುಪಟ್ಟು. ಆದ್ದರಿಂದ 60 ಡೆಸಿಬೆಲ್‌ನಲ್ಲಿ ಮಾತನಾಡುವ ಇಬ್ಬರು ಮಕ್ಕಳು ಒಟ್ಟಿಗೆ ಮಾತನಾಡಿದರೆ 120 ಆಗುವುದಿಲ್ಲ, ಸುಮಾರು 63 ಆಗುತ್ತದೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶದ ಮಿತಿ ಹಗಲು 55, ಇರುಳು 45 ಡೆಸಿಬೆಲ್. ಅಂದರೆ ಇರುಳಿನ ಮಿತಿ ಹಗಲಿನ ತೀವ್ರತೆಯ ಹತ್ತರಲ್ಲೊಂದು ಭಾಗ ಮಾತ್ರ. ಮಕ್ಕಳ ಕಿವಿಗೆ ಇಯರ್‌ಫೋನ್ ಕೊಡುವ ಮುನ್ನ ಈ ಲೆಕ್ಕ ನೆನಪಿರಲಿ: 'ಹತ್ತೇ ಹೆಚ್ಚು' ಎಂದರೆ ಹತ್ತುಪಟ್ಟು ಹೆಚ್ಚು.

ಪೋಷಕರಲ್ಲಿ ಒಂದು ವಿನಂತಿ: ಪರಿಭಾಷೆಯನ್ನು ಮೊದಲೇ ಬಾಯಿಪಾಠ ಮಾಡಿಸದಿರಿ. ಮನೆಮಾತಿನಲ್ಲಿ ಅರ್ಥ ನೆಲೆಗೊಳ್ಳಲಿ, ಪದ ಅನಂತರ ಬರಲಿ. ನಮ್ಮ ಮಕ್ಕಳು ಮುಂದೆ ಮಲಯಾಳ, ಮರಾಠಿ, ತಮಿಳು, ತೆಲುಗು ಅಥವಾ ಇಂಗ್ಲಿಷಿನಲ್ಲಿ ಓದಬೇಕಾಗಿ ಬಂದರೂ ಕನ್ನಡದಲ್ಲಿ ತಿಳಿದ ಅರ್ಥ ಅವರೊಡನೆ ಗಡಿ ದಾಟುತ್ತದೆ.